ಗಲ್ಲ ಉಬ್ಬಿಸಿದ ಏಳು ಮಂದಿ

ಹಡಗಲಿ ತಾಲ್ಲೂಕಿನ ಹೊಳಲಿನ ಚೌಡಣ್ಣ ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ಊದಿದವನು. ಆ ಮೂವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಪುಣ್ಯಾತ್ಮನೂ ಅವನ ಎದುರು ಕೂತು, ಮೊದಲಿನಿಂದ ಕೊನೆಯವರೆಗೆ ಒಂದು ಪದ ಕೇಳಿದ್ದಿಲ್ಲ. ಬ್ಯಾಂಡ್ ಎಂದರೆ ಅಷ್ಟೇ ಅಲ್ಲವೇ! ಮದುಮಗ ಕಾರಿನಲ್ಲಿ ಬೆವರುತ್ತಿರುತ್ತಾನೆ, ಅವನ ಗೆಳೆಯರು ರಸ್ತೆಯಲ್ಲಿ ಬಿದ್ದು ಎದ್ದು ಕುಣಿಯುತ್ತಿರುತ್ತಾರೆ, ಹಿರಿಯರಿಗೆ ಊಟದ ಪಂಕ್ತಿ ತಪ್ಪೀತೆಂಬ ಚಿಂತೆ. ಬ್ಯಾಂಡಿನವರ ಕಡೆ ಯಾರಾದರೂ ತಿರುಗಿ ನೋಡಿದರೆ ಅದು ‘ಜೋರಾಗಿ ಊದ್ರಲೇ, ಉಂಡಿಲ್ಲೇನು?’ ಎನ್ನುವುದಕ್ಕೆ. ಇದಕ್ಕೆಲ್ಲ ಚೌಡಣ್ಣನಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಮಗಳಿಗೆ.

ಮಗಳು ರೋಜಾ ಹಡಗಲಿಯ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಳು. ಹತ್ತು ವರ್ಷದವಳಿದ್ದಾಗಲೇ ಅಪ್ಪ ಮಲಗಿದ ಹೊತ್ತು ನೋಡಿ ಪೆಟ್ಟಿಗೆ ಬಿಚ್ಚಿ ಕ್ಲಾರಿನೆಟ್ ಬಾಯಿಗಿಟ್ಟುಕೊಂಡ ಹುಡುಗಿ. ಚೌಡಣ್ಣ ಎದ್ದು ಬಂದು ಬೈಯುವ ಬದಲು ತುಟಿ ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟ. ಅವನ ಹೆಂಡತಿ ಈರಕ್ಕ, ‘ಕುರಿ ಕಾಯೋರ ಮನ್ಯಾಗ ಹೆಣ್ಣುಮಗಳಿಗೆ ಪೀಪಿ ಕಲಿಸ್ತಾನ ನೋಡ್ರಿ, ಬುದ್ಧಿಗೇಡಿ’ ಎಂದು ಓಣಿಗೆಲ್ಲ ಕೇಳುವಂತೆ ಅಂದಳು. ಅಂದವಳೇ ಮರುದಿನದಿಂದ ಮಗಳು ಊದುವ ಹೊತ್ತಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದಳು. ಹತ್ತು ವರ್ಷ ಅಪ್ಪ ಮಗಳು ಹಾಗೇ ನಡೆಸಿದರು. ಮಗಳು ಅಪ್ಪನನ್ನು ದಾಟಿ ಹೋದಳು. ಅದನ್ನು ಮೊದಲು ತಿಳಿದವನೂ ಅಪ್ಪನೇ, ತಿಳಿದು ಹಿಗ್ಗಿದವನೂ ಅವನೇ.

“ಅಪ್ಪಾ, ನಾನು ಮದುವಿ ಬ್ಯಾಂಡಿಗೆ ಬರಂಗಿಲ್ಲ,” ಎಂದು ಹುಡುಗಿ ಒಂದೇ ಮಾತು ಹೇಳಿದ್ದಳು. “ಮಂದಿ ಕುಂತು ಕೇಳೋ ಕಡೆ ಊದ್ತೀನಿ. ಇಲ್ಲಾಂದ್ರ ಇಲ್ಲ.”

ಅಂಥ ಜಾಗ ಈ ಸೀಮೆಯಲ್ಲಿ ಎಲ್ಲಿದೆ ಎಂದು ಚೌಡಣ್ಣ ತಲೆ ಕೆರೆದುಕೊಳ್ಳುತ್ತಿರುವಾಗಲೇ ಕಾಲೇಜಿಗೆ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ವಿಶ್ವವಿದ್ಯಾಲಯವೇ ಒಂದು ವಿದ್ಯಾರ್ಥಿಗಳ ವಾದ್ಯವೃಂದ ಕಟ್ಟುತ್ತದೆ. ಊದುವ ವಾದ್ಯಗಳದ್ದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲ್ಲೂಕಿನ ಕಾಲೇಜುಗಳಿಗೆ ಸೇರಿ ಕೊಟ್ಟೂರಿನಲ್ಲಿ ಆಯ್ಕೆ. ಆಯ್ಕೆಯಾದವರಿಗೆ ಹಾಸ್ಟೆಲು, ಎರಡು ವರ್ಷ ಪಾಠ, ವರ್ಷಕ್ಕೆ ನಾಲ್ಕು ಕಛೇರಿ. ದೊಡ್ಡ ಸಭಾಂಗಣ, ಸಾಲು ಸಾಲು ಕುರ್ಚಿ. ರೋಜಾ ಆ ಕಾಗದವನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದು ಅಪ್ಪನಿಗೆ ಎರಡು ಸಲ ಓದಿ ಹೇಳಿದಳು.

ಕೊನೆಯ ಸಾಲಿನಲ್ಲಿ ಒಂದು ಕೊಕ್ಕೆಯಿತ್ತು. ಬಿಡಿ ಬಿಡಿಯಾಗಿ ಬರುವಂತಿಲ್ಲ, ಕಾಲೇಜಿನ ತಂಡವಾಗಿಯೇ ಬರಬೇಕು, ತಂಡದಲ್ಲಿ ಕನಿಷ್ಠ ಹದಿನೈದು ಮಂದಿ ಇರಬೇಕು.

ಕಾಲೇಜಿನಲ್ಲಿ ಸಾಂಸ್ಕೃತಿಕ ವಿಭಾಗ ನೋಡಿಕೊಳ್ಳುತ್ತಿದ್ದವರು ಗಂಗಾಧರ್ ಎಂಬ ಚರಿತ್ರೆಯ ಮೇಷ್ಟ್ರು. ಅವರಿಗೆ ಕ್ಲಾರಿನೆಟ್ಟಿಗೂ ಕಬ್ಬಿನ ಜಲ್ಲೆಗೂ ವ್ಯತ್ಯಾಸ ತಿಳಿಯದು. ಪಾಪ, ತಿಳಿಯಬೇಕೆಂದು ಯಾರೂ ಹೇಳಿರಲೂ ಇಲ್ಲ. ಚೌಡಣ್ಣನನ್ನು ಕರೆಸಿ, “ನೋಡ್ರಿ ಚೌಡಣ್ಣ, ನೀವು ತರಬೇತುದಾರರು. ಹದಿನೈದು ಮಂದೀನ ತಯಾರು ಮಾಡ್ರಿ. ಕಾಲೇಜಿನ ಹೆಸರು ಉಳೀಬೇಕು,” ಎಂದು ಹೇಳಿ ಕೈತೊಳೆದುಕೊಂಡರು. ಚೌಡಣ್ಣನಿಗೆ ಆ ದಿನ ನೆಲ ಕಾಣಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ಕಾಲೇಜಿನಲ್ಲಿ ತರಬೇತುದಾರ!

ಹುಡುಕಿ ಹುಡುಕಿ ತೆಗೆದರೆ ಸಿಕ್ಕವರು ಎಂಟು ಮಂದಿ. ರೋಜಾಳದು ಕ್ಲಾರಿನೆಟ್, ಇನ್ನು ನಾಲ್ಕು ಹುಡುಗರಿಗೆ ಟ್ರಂಪೆಟ್ಟೋ ಸ್ಯಾಕ್ಸೋಫೋನೋ ಅಷ್ಟಿಷ್ಟು ಬರುತ್ತಿತ್ತು, ಮೂವರು ಡ್ರಮ್ ಬಾರಿಸುತ್ತಿದ್ದರು. ಉಳಿದ ಏಳು?

ಚೌಡಣ್ಣನಿಗೆ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಅವನು ದುಡಿದದ್ದು ಹಡಗಲಿಯ ಅಜ್ಜಯ್ಯನ ಬ್ಯಾಂಡ್ ಕಂಪನಿಯಲ್ಲಿ. ಮದುವೆ ಮನೆಯವರು ಕೇಳುವುದು ‘ಎಷ್ಟು ಮಂದಿ ಸೆಟ್ಟು?’ ಎಂದು. ಎಷ್ಟು ಮಂದಿಗೆ ಊದಲು ಬರುತ್ತದೆ ಎಂದು ಯಾರು ಕೇಳುತ್ತಾರೆ? ಇಪ್ಪತ್ತು ಮಂದಿ ಸೆಟ್ಟಿನಲ್ಲಿ ಹನ್ನೆರಡು ಮಂದಿ ಊದಿದರೆ ಎಂಟು ಮಂದಿ ಡಮ್ಮಿಗಳು. ಕೆಂಪು ಕೋಟು, ಬಂಗಾರದ ಬಣ್ಣದ ಗುಂಡಿ, ಕೈಯಲ್ಲಿ ಫಳಫಳ ಹೊಳೆಯುವ ವಾದ್ಯ. ಗಲ್ಲ ಉಬ್ಬುತ್ತದೆ, ಬೆರಳು ಆಡುತ್ತವೆ, ಉಸಿರು ಮಾತ್ರ ಹೊರಗೆ ಬರುವುದಿಲ್ಲ. ತಪ್ಪಿ ಬಂದರೂ ಕೇಳದಿರಲೆಂದು ವಾದ್ಯದ ಬಾಯಿಗೆ ಬಟ್ಟೆ ತುರುಕಿರುತ್ತಾರೆ. ಇದು ಕಳ್ಳತನವೆಂದು ಆ ಕಸುಬಿನಲ್ಲಿ ಯಾರೂ ಅಂದುಕೊಂಡವರಲ್ಲ. ಮೆರವಣಿಗೆ ತುಂಬಿದಂತೆ ಕಾಣಬೇಕು, ಕಾಣುತ್ತದೆ. ಡಮ್ಮಿಯಾಗಿ ಸೇರಿದವನೇ ನಾಲ್ಕು ವರ್ಷಕ್ಕೆ ಊದುವವನಾಗುತ್ತಾನೆ. ಚೌಡಣ್ಣನೂ ಶುರು ಮಾಡಿದ್ದು ಹಾಗೆಯೇ.

ಅಜ್ಜಯ್ಯನ ಕಂಪನಿಯಿಂದ ಏಳು ವಾದ್ಯ ಕೇಳಿ ತಂದ. ಈರಕ್ಕನ ಹಳೆಯ ಸೀರೆಯೊಂದನ್ನು ಏಳು ಚೂರು ಮಾಡಿ ಒಂದೊಂದರ ಬಾಯಿಗೂ ತುರುಕಿದ. ಎತ್ತರಕ್ಕೆ ಸರಿಹೋಗುವ ಏಳು ಹುಡುಗರನ್ನು ಆರಿಸಿ ಹದಿನೈದು ದಿನ ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ ಬೆವರು ಹರಿಸಿದ. ಸುಮ್ಮನೆ ಕಲಿಸಲಿಲ್ಲ ಅವನು! “ಏ ಕ್ರಾಂತಿಕುಮಾರ, ಗಲ್ಲ ಉಬ್ಬಿಸು ಅಂದ್ರ ಕಣ್ಣು ಯಾಕ ಉಬ್ಬಿಸ್ತೀಯೋ? ರೋಜಾ ಉಸಿರು ತಗಂಡಾಗ ನೀನೂ ತಗಬೇಕು. ಭುಜ ಮ್ಯಾಲೆ ಹೋಗ್ಬೇಕು. ಹಂಗ!” ಹುಡುಗರು ನಕ್ಕು ನಕ್ಕು ಸುಸ್ತಾದರು. ಗಂಗಾಧರ್ ಮೇಷ್ಟ್ರು ಒಂದು ದಿನ ಬಾಗಿಲಲ್ಲಿ ನಿಂತು ಎಣಿಸಿ, “ಹದಿನೈದು ಆದ್ರಲ್ಲ, ಭೇಷ್,” ಎಂದು ಹೋದರು.

ರೋಜಾ ಮಾತ್ರ ನಗಲಿಲ್ಲ.

“ಅಪ್ಪಾ, ಇದು ಮದುವಿ ಅಲ್ಲ. ಅಲ್ಲಿ ಕೇಳೋರು ಬಂದಿರ್ತಾರ.”

“ಕೇಳೋರಿಗೆ ನೀವು ಎಂಟು ಮಂದಿ ಇದ್ದೀರಲ್ಲವ್ವ. ನೋಡೋರಿಗೆ ಹದಿನೈದು ಬೇಕು ಅಂತ ಅವರ ಕಾಗದಾನ ಹೇಳ್ತೈತಿ.”

“ಗೊತ್ತಾದ್ರ?”

“ಮೂವತ್ತು ವರ್ಷದಾಗ ಯಾರಿಗೆ ಗೊತ್ತಾಗೈತಿ?”

ಹುಡುಗಿ ಮತ್ತೆ ಕ್ಲಾರಿನೆಟ್ ಬಾಯಿಗಿಟ್ಟುಕೊಂಡಳು. ಹೋಗಬೇಕೆಂಬ ಆಸೆ ಅವಳಿಗೂ ಇತ್ತಲ್ಲ! ಆಸೆ ಇದ್ದವರ ಬಾಯಿ ಬೇಗ ಮುಚ್ಚುತ್ತದೆ. ಅವಳು ಆವತ್ತೇ ಹಟ ಹಿಡಿದಿದ್ದರೆ ಚೌಡಣ್ಣ ಬಿಟ್ಟುಬಿಡುತ್ತಿದ್ದ, ಮಗಳ ಮಾತು ಮೀರುವವನಲ್ಲ ಅವನು. ಆದರೆ ಹಟ ಹಿಡಿದರೆ ತಂಡವಿಲ್ಲ, ತಂಡವಿಲ್ಲದಿದ್ದರೆ ಕೊಟ್ಟೂರಿಲ್ಲ. ಅಪ್ಪನ ಮಾತನ್ನು ನಂಬುವುದೇ ಅವಳಿಗೆ ಅನುಕೂಲವಾಗಿತ್ತು.

ಕೊಟ್ಟೂರಿನ ಸಭಾಂಗಣದಲ್ಲಿ ಬೆಳಗಿನಿಂದ ನಾಲ್ಕು ತಂಡ ಮುಗಿದಿದ್ದವು. ಐದು ತಾಲ್ಲೂಕಿನ ಹುಡುಗ ಹುಡುಗಿಯರು ಕುರ್ಚಿ ತುಂಬಿದ್ದರು. ಆರಿಸಲು ಬಂದಿದ್ದವರು ಶಾಂಭವಿ ಮೇಡಂ, ವಿಶ್ವವಿದ್ಯಾಲಯದ ವಾದ್ಯವೃಂದ ಕಟ್ಟುವ ಹೊಣೆ ಅವರದು. ಐವತ್ತರ ಹತ್ತಿರದ ಹೆಂಗಸು, ಹತ್ತಿಯ ಸೀರೆ, ಕೈಯಲ್ಲಿ ಒಂದು ಪೆನ್ಸಿಲ್. ತಂಡ ಶುರುಮಾಡಿದ ಕೂಡಲೇ ಕಣ್ಣು ಮುಚ್ಚುತ್ತಿದ್ದರು. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಚೌಡಣ್ಣ ಅದನ್ನು ನೋಡಿ, ಪಾಪ ತಾಯಿಗೆ ನಿದ್ದೆ ಬಂದಿದೆ, ನಮ್ಮದು ಸುರಳೀತ ಆಯಿತು ಎಂದುಕೊಂಡ. ಕಣ್ಣು ಮುಚ್ಚಿ ಕೇಳುವವರನ್ನು ಅವನು ಜನ್ಮದಲ್ಲಿ ಕಂಡಿದ್ದರೆ ತಾನೆ!

ಹಡಗಲಿ ತಂಡ ಚೆನ್ನಾಗಿಯೇ ನುಡಿಸಿತು. ಮೈಲಾರ ದೇವರ ಪದವೊಂದನ್ನು ಚೌಡಣ್ಣ ತಂಡಕ್ಕೆ ಹೊಂದಿಸಿಕೊಟ್ಟಿದ್ದ. ನಡುವೆ ಡ್ರಮ್ಮು ನಿಂತು ರೋಜಾ ಒಬ್ಬಳೇ ಊದುವ ಭಾಗ ಬಂದಾಗ ಫೋನು ತಿಕ್ಕುತ್ತಿದ್ದ ಹುಡುಗರೂ ತಲೆ ಎತ್ತಿದರು. ಏಳು ಮಂದಿ ಹಿಂದಿನ ಸಾಲಿನಲ್ಲಿ ಒಂದಿಷ್ಟೂ ತಪ್ಪದೆ ಗಲ್ಲ ಉಬ್ಬಿಸಿದರು. ಮುಗಿದ ಮೇಲೆ ಚಪ್ಪಾಳೆ ಬಿತ್ತು. ಚೌಡಣ್ಣನ ಕಣ್ಣಲ್ಲಿ ನೀರು ಬಂತು.

“ತುಂಬಾ ಚೆನ್ನಾಗಿತ್ತು,” ಎಂದರು ಶಾಂಭವಿ ಮೇಡಂ ಕಣ್ಣು ತೆರೆದು. “ಆದರೆ ಡ್ರಮ್ಮು ಬಿಟ್ಟರೆ ನನಗೆ ಕೇಳಿಸಿದ್ದು ಐದೇ ವಾದ್ಯ. ಹಿಂದಿನ ಸಾಲಿನವರು ಮಾತ್ರ ಇನ್ನೊಮ್ಮೆ ನುಡಿಸಿ ನೋಡೋಣ.”

ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕಲಿಸಿದ್ದನ್ನೇ ಮಾಡಿದರು. ಏಳೂ ಮಂದಿ ಭುಜ ಎತ್ತಿ ಉಸಿರು ತೆಗೆದುಕೊಂಡು ಗಲ್ಲ ಉಬ್ಬಿಸಿ ಬೆರಳಾಡಿಸಿದರು. ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಿಂದಿನ ಕುರ್ಚಿಯಲ್ಲಿ ಯಾರೋ ಕಿಸಕ್ಕೆಂದರು. ಗಾಬರಿಯಾದ ಕ್ರಾಂತಿಕುಮಾರ ನಿಜವಾಗಿಯೇ ಊದಿಬಿಟ್ಟ. ಎಮ್ಮೆ ಕರು ಕೂಗಿದಂಥ ಒಂದು ಸದ್ದು ಬಂತು. ಮೇಡಂ ವೇದಿಕೆ ಹತ್ತಿ ಬಂದು ಅವನ ವಾದ್ಯದ ಬಾಯಿಗೆ ಕೈ ಹಾಕಿದರು. ಈರಕ್ಕನ ಹಸಿರು ಸೀರೆಯ ಚೂರು ಮೊಳದುದ್ದ ಹೊರಗೆ ಬಂತು.

ಆಗ ಬಿತ್ತು ನೋಡಿ ನಗೆ! ಐದು ತಾಲ್ಲೂಕು ಒಟ್ಟಿಗೆ ನಕ್ಕಿತು. ಫೋನುಗಳು ಮೇಲೆದ್ದವು.

“ಇದು ಯಾರ ಕೆಲಸ?” ಎಂದರು ಮೇಡಂ.

ಚೌಡಣ್ಣ ಮುಂದೆ ಬಂದು ಕೈ ಮುಗಿದ. “ನಂದ್ರೀ ಮೇಡಂ. ಹದಿನೈದು ಮಂದಿ ಬೇಕು ಅಂತ ಬರ್ದಿದ್ರಲ್ರಿ. ಏಳು ಕಮ್ಮಿ ಬಿದ್ರು, ತುಂಬ್ಸೀನ್ರಿ.”

“ಗೊತ್ತಿದ್ದೂ ಮಾಡಿದಿರಾ?”

“ಗೊತ್ತಿಲ್ದ ಯಾರರ ಮಾಡಾಕ ಬರ್ತೈತೇನ್ರಿ? ಹದಿನೈದು ದಿನ ಕಲಿಸೀನ್ರಿ ಇವರಿಗೆ. ಒಬ್ಬರದೂ ಭುಜ ತಪ್ಪಿಲ್ರಿ, ನೀವ ನೋಡಿದ್ರಲ್ಲ.”

ನಗೆ ಇನ್ನೂ ಜೋರಾಯಿತು. ಚೌಡಣ್ಣನೂ ಅವರ ಜೊತೆ ನಗಲು ಹೊರಟಿದ್ದ. ಅಷ್ಟರಲ್ಲಿ ಮಗಳ ಮುಖ ಕಂಡಿತು. ರೋಜಾ ಕ್ಲಾರಿನೆಟ್ಟನ್ನು ಎದೆಗೆ ಒತ್ತಿ ಹಿಡಿದು ನೆಲ ನೋಡುತ್ತಿದ್ದಳು, ಅವಳ ಕಿವಿಯವರೆಗೂ ಕೆಂಪೇರಿತ್ತು. ತಾನು ಏನು ಮಾಡಿದೆನೆಂದು ಚೌಡಣ್ಣನಿಗೆ ಆಗ ತಿಳಿಯಿತು. ಪೂರ್ತಿ ತಿಳಿಯಿತು. ಅವನಿಗೆ ಭೂಮಿ ಬಾಯಿ ಬಿಟ್ಟು ನುಂಗಿದ್ದರೂ ಆಗುತ್ತಿತ್ತು.

ತಂಡ ರದ್ದಾಯಿತು. ಆ ಕಾಲೇಜು ಮೂರು ವರ್ಷ ಬರುವಂತಿಲ್ಲ ಎಂದೂ ಆಯಿತು. ಆದರೆ ಶಾಂಭವಿ ಮೇಡಂ ಕೆಟ್ಟವರಲ್ಲ. ಗಂಗಾಧರ್ ಮೇಷ್ಟ್ರನ್ನು ಕರೆದು, “ಆ ಕ್ಲಾರಿನೆಟ್ ಹುಡುಗಿಯನ್ನು ಬಿಡಲು ನನಗೆ ಮನಸ್ಸಿಲ್ಲ. ಈ ಮೋಸ ನಿಜವಾಗಿ ನುಡಿಸುವವರಿಗೆ ಗೊತ್ತಿರಲಿಲ್ಲ ಎಂದಾದರೆ ಅವರನ್ನು ಒಬ್ಬೊಬ್ಬರಾಗಿ ಕೇಳಬಹುದು,” ಎಂದರು.

ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಕೂತು ಐದೇ ನಿಮಿಷದಲ್ಲಿ ಕಾಗದ ಬರೆದರು. ಚರಿತ್ರೆ ಬರೆಯುವುದು ಅವರಿಗೆ ಗೊತ್ತಿದ್ದ ಕೆಲಸ. ‘ತರಬೇತುದಾರರಾದ ಚೌಡಣ್ಣ ಎಂಬುವರು ಕಾಲೇಜಿನ ಹಾಗೂ ನಮ್ಮ ಗಮನಕ್ಕೆ ಬಾರದಂತೆ ಮೋಸವೆಸಗಿರುತ್ತಾರೆ’ ಎಂದು ಒಕ್ಕಣೆ. ಹುಡುಗರು ಸರಸರ ಸಹಿ ಹಾಕಿದರು. ಹದಿನೈದು ದಿನ ಗಲ್ಲ ಉಬ್ಬಿಸಿದ ಕ್ರಾಂತಿಕುಮಾರನೂ ತನಗೇನೂ ಗೊತ್ತಿಲ್ಲವೆಂದು ಸಹಿ ಹಾಕಿದ. ಕೊನೆಗೆ ಉಳಿದವಳು ರೋಜಾ.

“ಸರ್, ನಮಗೆ ಗೊತ್ತಿತ್ತು,” ಎಂದಳು.

“ಗೊತ್ತಿತ್ತು ಅಂತ ಬರಿ ಹಂಗಾರ, ಬರ್ದು ಮನಿಗೆ ಹೋಗು,” ಎಂದರು ಮೇಷ್ಟ್ರು. “ನಿಮ್ಮಪ್ಪ ಮಾಡಿದ್ದಕ್ಕ ನನ್ನ ನೌಕರಿ ಅಲ್ಲಾಡಾಕತ್ತೈತಿ.”

ಬಾಗಿಲ ಬಳಿ ನಿಂತಿದ್ದ ಚೌಡಣ್ಣ ಒಳಗೆ ಬಂದ. “ಸಹಿ ಮಾಡವ್ವ.”

“ನಿನ್ನ ಮೋಸಗಾರ ಅಂತ ಬರ್ದಾರಪ್ಪಾ ಇದ್ರಾಗ.”

“ಬರೀಲಿ ಬಿಡು. ಕಾಗದ ಏನು ಕಡೀತೈತೇನು?”

ಅವಳು ಸಹಿ ಮಾಡಿದಳು. ಪೆನ್ನು ಕೆಳಗಿಡುವುದರೊಳಗೆ ಮೇಷ್ಟ್ರು ಇನ್ನೊಂದು ಕಾಗದ ತಳ್ಳಿದರು, ಒಬ್ಬೊಬ್ಬರೇ ನುಡಿಸುವವರ ಹೊಸ ಅರ್ಜಿ. ಹೆಸರು, ತರಗತಿ, ತಂದೆ ಅಥವಾ ಪೋಷಕರ ಹೆಸರು. ರೋಜಾ ಮೂರನೇ ಗೆರೆಯಲ್ಲಿ ‘ಚೌ’ ಎಂದು ಬರೆಯುವಷ್ಟರಲ್ಲಿ ಮೇಷ್ಟ್ರು ಕೈ ಅಡ್ಡ ಹಿಡಿದರು. “ಹುಚ್ಚಿ ಏನು ನೀನು? ಆ ಕಾಗದದಾಗ ಚೌಡಣ್ಣ ಮೋಸ ಮಾಡ್ಯಾನ ಅಂತೈತಿ. ಇದ್ರಾಗ ಅದ ಚೌಡಣ್ಣ ನಿಮ್ಮಪ್ಪ ಅಂದ್ರ ನಿನಗ ಗೊತ್ತಿರ್ಲಿಲ್ಲ ಅಂತ ಯಾವ ದೇವರು ನಂಬ್ತಾನ?” ಎಂದು ಹೊಸ ಹಾಳೆ ಕೊಟ್ಟರು.

ಅಪ್ಪ ಮಗಳು ಇಬ್ಬರೂ ಹಾಳೆ ನೋಡುತ್ತ ನಿಂತರು. ಹೊರಗೆ ಬೇರೆ ತಂಡದವರು ಟ್ರಂಪೆಟ್ ಸರಿಮಾಡಿಕೊಳ್ಳುತ್ತಿದ್ದರು.

“ನಿಮ್ಮ ಮಾವನ ಹೆಸರು ಬರಿ,” ಎಂದ ಚೌಡಣ್ಣ. ಮಾವ ಎಂದರೆ ಈರಕ್ಕನ ಅಣ್ಣ ಮೈಲಾರೇಶ್. ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. “ಪೋಷಕರು ಅಂತಾನೂ ಐತಲ್ಲ. ಮಾವ ಪೋಷಕ ಅಲ್ಲೇನು? ಬರಿಯವ್ವ, ಹೊತ್ತಾತು.”

ರೋಜಾ ಬರೆದಳು. ಬರೆಯುವಾಗ ಅಪ್ಪನ ಮುಖ ನೋಡಲಿಲ್ಲ. ನೋಡಿದ್ದರೆ ಬರೆಯಲಾಗುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಶಾಂಭವಿ ಮೇಡಂ ಒಳಗೆ ಬಂದು ಎರಡೂ ಕಾಗದ ಓದಿದರು. ಕನ್ನಡಕ ತೆಗೆದು ರೋಜಾಳನ್ನು ನೋಡಿದರು. “ಇಷ್ಟು ಶುದ್ಧವಾಗಿ ಉಸಿರು ಹಿಡಿಯುವವರು ಈ ಕಡೆ ಕಡಿಮೆ. ನಿಮಗೆ ಕಲಿಸಿದ್ದು ಯಾರಮ್ಮ?” ಎಂದು ಕೇಳಿ, ಗೋಡೆಗೆ ಒರಗಿ ನಿಂತಿದ್ದ ಚೌಡಣ್ಣನ ಕಡೆ ತಿರುಗಿದರು. “ಈ ಮನುಷ್ಯನೇ?”

ಮೂವತ್ತು ವರ್ಷದಲ್ಲಿ ಮೊದಲ ಸಲ, ತಿಳಿದವರೊಬ್ಬರು ಅವನ ಉಸಿರಿನ ಬಗ್ಗೆ ಕೇಳುತ್ತಿದ್ದರು. ‘ನಾನ್ರೀ ತಾಯಿ, ನಾನ ಕಲಿಸಿದ್ದು, ಹತ್ತು ವರ್ಷ’ ಎನ್ನುವ ಮಾತು ಚೌಡಣ್ಣನ ನಾಲಿಗೆಯ ತುದಿಗೆ ಬಂದಿತ್ತು. ರೋಜಾ ಬಾಯಿ ತೆರೆದಳು. ಹುಡುಗಿ ನಿಜ ಹೇಳಿಬಿಟ್ಟಾಳೆಂದು ಅವನಿಗೆ ಭಯವಾಯಿತು.

“ನಾನಲ್ರೀ,” ಎಂದ ಅವಸರದಲ್ಲಿ. “ನನಗ ಊದಾಕ ಬರಂಗಿಲ್ರೀ. ನಾನೂ ಡಮ್ಮಿನ. ಮದುವಿ ಬ್ಯಾಂಡಿನಾಗ ಗಲ್ಲ ಉಬ್ಬಿಸ್ಕಂತ ಬಂದಾಂವ. ಈ ಹುಡುಗಿ ನಮ್ಮೂರಾಕಿ, ಅಷ್ಟ.”

“ಹೌದೇನಮ್ಮ?” ಎಂದರು ಮೇಡಂ.

ರೋಜಾ ತಲೆ ಅಲ್ಲಾಡಿಸಿದಳು, ಹೌದು ಎಂಬಂತೆ.

ಹಾಗೇ ಆಗಲಿ ಎಂದೇ ಚೌಡಣ್ಣ ಬಯಸಿದ್ದು. ಅವನು ಬಯಸಿದ್ದನ್ನೇ ಅವಳು ಮಾಡಿದಳು. ಆದರೂ ಆ ತಲೆ ಅಲ್ಲಾಡಿದ ಕ್ಷಣ ಎದೆಯಲ್ಲಿ ಏನೋ ಕಿತ್ತು ಬಂದಂತಾಯಿತು. ಅಲ್ಲ ಎಂದು ಒಂದು ಮಾತು ಅಂದಿದ್ದರೆ, ಅಂದು ಎಲ್ಲ ಹಾಳಾಗಿದ್ದರೂ ಚಿಂತೆಯಿರಲಿಲ್ಲ ಎಂದೂ ಅವನಿಗೆ ಅನ್ನಿಸಿತು. ಹೆತ್ತ ಕರುಳು ಎರಡು ಬಾಯಿ ಮಾತಾಡುತ್ತದೆ, ಏನು ಮಾಡುವುದು!

“ದಯವಿಟ್ಟು ಇವರು ಸಭಾಂಗಣದ ಒಳಗೆ ಇರುವುದು ಬೇಡ,” ಎಂದು ಮೇಡಂ ಗಂಗಾಧರ್ ಮೇಷ್ಟ್ರಿಗೆ ಹೇಳಿದರು. ದನಿ ಏರಿಸಿ ಹೇಳಲಿಲ್ಲ. ಚೌಡಣ್ಣ ಏಳೂ ವಾದ್ಯಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದ. ಜವಾನ ಬಾಗಿಲು ಮುಚ್ಚಿದ. ದಪ್ಪ ಬಾಗಿಲು. ಒಳಗೆ ಮಗಳು ಊದಿದ್ದು ಅವನಿಗೆ ಸರಿಯಾಗಿ ಕೇಳಿಸಲಿಲ್ಲ, ಕೊನೆಗೆ ಚಪ್ಪಾಳೆ ಮಾತ್ರ ಕೇಳಿಸಿತು. ಬಹಳ ಹೊತ್ತು ತಟ್ಟಿದರು. ಅವನು ಹಡಗಲಿ ಬಸ್ಸು ಹಿಡಿದು, ವಾದ್ಯಗಳನ್ನು ಅಜ್ಜಯ್ಯನಿಗೆ ಒಪ್ಪಿಸಿ, ಮನೆಗೆ ಹೋದ.

ಅಷ್ಟರಲ್ಲಿ ಆ ಹಸಿರು ಸೀರೆಯ ವಿಡಿಯೊ ಅವನಿಗಿಂತ ಮೊದಲೇ ಊರು ಮುಟ್ಟಿತ್ತು. ಅಜ್ಜಯ್ಯನ ಕಂಪನಿಯನ್ನು ಗೊತ್ತುಮಾಡಿಕೊಂಡಿದ್ದ ಎರಡು ಮದುವೆ ಮನೆಯವರು ‘ನಿಮ್ಮ ಸೆಟ್ಟಿನಾಗ ಊದೋರು ಎಷ್ಟು ಮಂದಿ ಹೇಳ್ರಿ ಮೊದ್ಲು’ ಎಂದು ಕೇಳಿ ಬಿಟ್ಟುಹೋದರು. ಅಜ್ಜಯ್ಯ ಚೌಡಣ್ಣನನ್ನು ಕರೆದು, “ಸ್ವಲ್ಪ ದಿನ ಮನಿಯಾಗ ಇರಪ್ಪ,” ಎಂದ. ಸ್ವಲ್ಪ ದಿನ ಎಂದರೆ ಎಷ್ಟು ದಿನವೆಂದು ಇಬ್ಬರಿಗೂ ಗೊತ್ತಿತ್ತು.

ತಿಂಗಳ ಮೇಲೆ ರೋಜಾ ವಿಶ್ವವಿದ್ಯಾಲಯದ ಮೊದಲ ಕಛೇರಿ ಮುಗಿಸಿ ಊರಿಗೆ ಬಂದಳು. ಎಂಟುನೂರು ಮಂದಿ ಕೂತು ಕೇಳಿದರಂತೆ. ಹೇಳುವಾಗ ಅವಳ ಮುಖದಲ್ಲಿ ಹಿಗ್ಗಿರಲಿಲ್ಲ. ಊಟ ಮಾಡುವಾಗ ಅಪ್ಪನಿಗೆ ಎರಡು ಸಲ “ಇನ್ನೊಂದು ರೊಟ್ಟಿ ಹಾಕ್ಲ್ಯಾ?” ಎಂದು ಕೇಳಿದ್ದು ಬಿಟ್ಟರೆ ಬೇರೆ ಮಾತಿಲ್ಲ. ಚೀಲದಲ್ಲಿ ಪ್ರಶಸ್ತಿಪತ್ರವಿತ್ತು. ಅವಳು ತೆಗೆದಿರಲಿಲ್ಲ. ಚೀಲ ಬಿಚ್ಚುವಾಗ ಈರಕ್ಕನ ಕೈಗೆ ಅದು ಸಿಕ್ಕಿತು.

ಈರಕ್ಕನಿಗೆ ಅಕ್ಷರ ಬಾರದು. ಗಟ್ಟಿ ಹಾಳೆ, ಸುತ್ತ ಬಂಗಾರದ ಬಣ್ಣದ ಅಂಚು, ಕೆಳಗೆ ಮೊಹರು. ಅಂಗಳದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ಮಗಳ ಹೆಸರು ಎಲ್ಲೈತ್ರೀ?”

ಚೌಡಣ್ಣ ಬೆರಳಿಟ್ಟು ತೋರಿಸಿದ. ‘ಕುಮಾರಿ ರೋಜಾ’.

“ನಿಮ್ಮ ಹೆಸರು? ಅಪ್ಪನ ಹೆಸರು ಹಾಕಿರ್ತಾರಲ್ಲ?”

ರೋಜಾ ಬಾಗಿಲಲ್ಲಿ ಬಂದು ನಿಂತಿದ್ದಳು. ಚೌಡಣ್ಣ ಹಾಳೆಯನ್ನು ಹತ್ತಿರ ಎಳೆದುಕೊಂಡ. ಕೂಡಿಸಿ ಕೂಡಿಸಿ ಓದುವಷ್ಟು ಅವನಿಗೆ ಬರುತ್ತಿತ್ತು. ಎರಡನೇ ಸಾಲಿನಲ್ಲಿ ‘ಶ್ರೀ ಮೈಲಾರೇಶ್ ಇವರ ಪುತ್ರಿ’ ಎಂದಿತ್ತು. ಪೋಷಕ ಎಂಬ ಮಾತನ್ನು ಅಚ್ಚು ಹಾಕಿದವರು ಬಿಟ್ಟುಬಿಟ್ಟಿದ್ದರು.

ಅವನು ಆ ಸಾಲಿನ ಮೇಲೆ ಬೆರಳಿಟ್ಟ. “ಇಲ್ಲೈತಿ ನೋಡು,” ಎಂದ.

ಈರಕ್ಕ ಸೆರಗಿನ ತುದಿಯಿಂದ ಆ ಜಾಗವನ್ನು ಮೆಲ್ಲಗೆ ಒರೆಸಿ, ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡಳು.